ಖಂಡಸ್ಫುಟಿತ ಜೀರ್ಣೋದ್ಧಾರ: ಕಟ್ಟಿದವರು ಮತ್ತು ಕಾಯ್ದವರು

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಸುಮಾರು 58 ಅಡಿ ಎತ್ತರಕ್ಕೆ ನಿಂತಿರುವ ಗೊಮ್ಮಟೇಶ್ವರನ ಪಾದಗಳ ಇಕ್ಕೆಲಗಳಲ್ಲಿ ಕೆಲವು ಕಿರುಶಾಸನಗಳಿವೆ. ಅವು ಇಬ್ಬರ ಹೆಸರನ್ನು ಹೇಳುತ್ತವೆ. ಮೊದಲನೆಯದು ಈ ವಿಗ್ರಹವನ್ನು ಮಾಡಿಸಿದ ಗಂಗರ ಮಂತ್ರಿ ಚಾವುಂಡರಾಯನದು. ಎರಡನೆಯದು, ಅವನಿಗಿಂತ ಒಂದು ಶತಮಾನಕ್ಕೂ ಹೆಚ್ಚು ಕಾಲದ ತರುವಾಯ, ವಿಗ್ರಹದ ಸುತ್ತ ಸುತ್ತಾಲಯವನ್ನು ಕಟ್ಟಿಸಿದ ಹೊಯ್ಸಳ ದಂಡನಾಯಕ ಗಂಗರಾಜನದು. ಚಾವುಂಡರಾಯನ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಗಂಗರಾಜನ ಹೆಸರನ್ನು ಬಲ್ಲ ಯಾತ್ರಿಕರು ವಿರಳ. ಆದರೆ ಶಾಸನವನ್ನು ಬರೆಯಿಸಿದವರ ದೃಷ್ಟಿಯಲ್ಲಿ ಈ ಇಬ್ಬರ ನಡುವೆ ಅಂತಹ ಅಂತರವಿರಲಿಲ್ಲ. ಮೂರ್ತಿಯನ್ನು ಮಾಡಿಸಿದವನಿಗೂ, ಮಾಡಿದ್ದನ್ನು ಕಾಯುವ ಕಟ್ಟಡವನ್ನು ಒದಗಿಸಿದವನಿಗೂ ಭಗವಂತನ ಪಾದದ ಬಳಿಯಲ್ಲಿಯೇ ಸ್ಥಾನ ದೊರೆಯಿತು.

ಈ ಸಣ್ಣ ಸಂಗತಿಯಲ್ಲಿ ಒಂದು ದೊಡ್ಡ ಧರ್ಮವಿಚಾರ ಅಡಗಿದೆ. ಕಟ್ಟಡವನ್ನು ಕಟ್ಟುವುದು ಒಂದು ಕಾಲದ ಕೆಲಸ. ಅದನ್ನು ಕಾಯ್ದುಕೊಳ್ಳುವುದು ಎಲ್ಲ ಕಾಲದ ಕೆಲಸ. ಇಂದು ನಗರಗಳ ದೊಡ್ಡ ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ, ವಸತಿ ಸಮುಚ್ಚಯಗಳಲ್ಲಿ ಈ ಎರಡನೆಯ ಕೆಲಸಕ್ಕೆಂದೇ ಒಬ್ಬ ಅಧಿಕಾರಿಯನ್ನು ನೇಮಿಸುತ್ತಾರೆ. ಫೆಸಿಲಿಟಿ ಮ್ಯಾನೇಜರ್ ಎಂಬ ಹೆಸರಿನ ಈ ಕಟ್ಟಡ ನಿರ್ವಾಹಕನು ನೀರು, ವಿದ್ಯುತ್ತು, ಶುಚಿತ್ವ, ದುರಸ್ತಿ, ಕಾವಲು, ಬೆಂಕಿಯಿಂದ ರಕ್ಷಣೆ ಇವೆಲ್ಲವನ್ನೂ ನೋಡಿಕೊಂಡು ಲೆಕ್ಕ ಒಪ್ಪಿಸುತ್ತಾನೆ. ಈ ವೃತ್ತಿಗೆ 2018ರಲ್ಲಿ ಐಎಸ್‌ಒ 41001 ಎಂಬ ಅಂತಾರಾಷ್ಟ್ರೀಯ ಮಾನಕವೂ ಪ್ರಕಟವಾಗಿದೆ. ಹೆಸರು ಹೊಸದು, ಹೊಣೆ ಮಾತ್ರ ಬಹಳ ಹಳೆಯದು. ಕರ್ನಾಟಕದ ಜೈನ ಶಾಸನಗಳನ್ನು ಈ ದೃಷ್ಟಿಯಿಂದ ಓದಿದರೆ, ಬಸದಿಗಳ ಕಾಯಕಲ್ಪಕ್ಕೆ ಹಣವನ್ನು ಹೇಗೆ ಹೊಂದಿಸಬೇಕು, ಯಾರು ಹೊಣೆ ಹೊರಬೇಕು, ಹೊಣೆ ತಪ್ಪಿದಾಗ ಏನಾಗುತ್ತದೆ ಎಂಬುದರ ಸ್ಪಷ್ಟವಾದ ಇತಿಹಾಸವೇ ದೊರೆಯುತ್ತದೆ.

ಒಂದು ಪದದ ಅರ್ಥ

ಬಸದಿಗಳಿಗೆ ನೀಡಿದ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜ ಮತ್ತೆ ಮತ್ತೆ ಬರುತ್ತದೆ. ಖಂಡವೆಂದರೆ ತುಂಡಾದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು, ಜೀರ್ಣವೆಂದರೆ ಸವೆದದ್ದು. ಇವನ್ನು ಮತ್ತೆ ಎತ್ತಿ ನಿಲ್ಲಿಸುವುದು ಉದ್ಧಾರ. ದಾನಿಯು ಒಂದು ಗ್ರಾಮವನ್ನೋ ಗದ್ದೆಯನ್ನೋ ಸುಂಕದ ಆದಾಯವನ್ನೋ ಬಿಟ್ಟುಕೊಡುವಾಗ ಅದರ ಉದ್ದೇಶಗಳನ್ನು ಬಿಡಿಸಿ ಹೇಳುತ್ತಾನೆ. ದೇವರ ಅಷ್ಟವಿಧಾರ್ಚನೆಗೆ, ಋಷಿಗಳ ಆಹಾರದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂಬ ಮೂರು ಬಾಬುಗಳು ಸಾಮಾನ್ಯವಾಗಿ ಜೊತೆಯಾಗಿಯೇ ಬರುತ್ತವೆ.

ಇದರಲ್ಲಿ ಗಮನಿಸಬೇಕಾದ ಅಂಶ ಒಂದುಂಟು. ಎಷ್ಟೋ ಕಡೆ ಈ ದಾನವು ಆಗತಾನೆ ಕಟ್ಟಿ ಮುಗಿದ ಬಸದಿಗೆ ಸಂದದ್ದು. ಪ್ರತಿಷ್ಠೆಯ ದಿನ ಗೋಡೆಯಲ್ಲಿ ಒಂದು ಬಿರುಕೂ ಇರುವುದಿಲ್ಲ. ಆದರೂ ಒಡೆಯುವುದನ್ನೂ ಬಿರಿಯುವುದನ್ನೂ ದಾನಿಯು ಅಂದೇ ನೆನೆಯುತ್ತಾನೆ. ಪುದ್ಗಲದ ಸ್ವಭಾವವೇ ಪೂರಣ ಮತ್ತು ಗಲನ, ಅಂದರೆ ಕೂಡುವುದು ಮತ್ತು ಕಳಚುವುದು ಎಂದು ಆಗಮವನ್ನು ಕೇಳಿ ಬೆಳೆದ ಶ್ರಾವಕನಿಗೆ ಇದು ಸಹಜವಾದ ಎಚ್ಚರ. ಕಲ್ಲೂ ಅನಿತ್ಯವೆಂದು ಬಲ್ಲವನು ಕಲ್ಲಿನ ಮುಪ್ಪಿಗೆ ಮೊದಲೇ ಏರ್ಪಾಡು ಮಾಡುತ್ತಾನೆ.

ವಾಣಿಜ್ಯದ ಪರಿಭಾಷೆಯಲ್ಲಿ ಇದನ್ನು ಇನ್ನೊಂದು ಬಗೆಯಲ್ಲಿ ಹೇಳಬಹುದು. ಕಟ್ಟಡಕ್ಕೆ ಹಾಕಿದ ಹಣ ಬಂಡವಾಳ ವೆಚ್ಚ. ಅದರ ಪಾಲನೆಗೆ ಬೇಕಾದದ್ದು ವರ್ಷವರ್ಷದ ವೆಚ್ಚ. ಲೆಕ್ಕಪತ್ರದಲ್ಲಿ ಸವಕಳಿಯನ್ನು ತೋರಿಸದ ವ್ಯಾಪಾರಿಯು ಲಾಭವಿದೆಯೆಂದು ಭ್ರಮಿಸಿ ಮೂಲವನ್ನೇ ತಿನ್ನುತ್ತಿರುತ್ತಾನೆ. ಬೆಳಗೊಳದ 13ನೆಯ ಶತಮಾನದ ಕೆಲವು ಶಾಸನಗಳಲ್ಲಿ ಭಕ್ತರು ಕೆಲವೇ ಗದ್ಯಾಣಗಳನ್ನು ಮೂಲಧನವಾಗಿ ಇರಿಸಿ, ಅದರ ಬಡ್ಡಿಯಿಂದ ನಿತ್ಯದ ಅಭಿಷೇಕಕ್ಕೆ ಹಾಲು ಒದಗುವಂತೆ ಕಟ್ಟುಮಾಡಿದ ವಿವರಗಳಿವೆ. ಮೂಲವನ್ನು ಮುಟ್ಟಬಾರದು, ಬೆಳೆದದ್ದನ್ನು ಮಾತ್ರ ವ್ಯಯಿಸಬೇಕು ಎಂಬ ನಿಯಮ ಸಾಮಾನ್ಯ ಶ್ರಾವಕನಿಗೂ ಅಂದು ತಿಳಿದಿತ್ತು.

ದಂಡನಾಯಕ ಮತ್ತು ಭಂಡಾರಿ

ಗಂಗರಾಜನು ವಿಷ್ಣುವರ್ಧನನ ಸೇನಾಧಿಪತಿ. ಚೋಳರ ಕೈಯಿಂದ ತಲಕಾಡನ್ನು ಬಿಡಿಸಿದ ವೀರನೆಂದು ಇತಿಹಾಸವು ಅವನನ್ನು ನೆನೆಯುತ್ತದೆ. ಯುದ್ಧದ ಗೆಲುವಿಗೆ ಮೆಚ್ಚಿದ ಅರಸನಿಂದ ಅವನು ಬೇಡಿ ಪಡೆದದ್ದು ತನ್ನ ಭೋಗಕ್ಕೆ ಬೇಕಾದುದನ್ನಲ್ಲ. ಪರಮ ಎಂಬ ಗ್ರಾಮವನ್ನು ಪಡೆದು, ತನ್ನ ತಾಯಿ ಪೋಚಲದೇವಿಯೂ ಪತ್ನಿ ಲಕ್ಷ್ಮೀದೇವಿಯೂ ಕಟ್ಟಿಸಿದ ಜಿನಾಲಯಗಳಿಗೆ ಬಿಟ್ಟನು. ಗೋವಿಂದವಾಡಿಯನ್ನು ಪಡೆದು ಗೊಮ್ಮಟದೇವರ ಪೂಜೆಗೆ ಅರ್ಪಿಸಿದನು. ಇವೆಲ್ಲಕ್ಕಿಂತ ಹೆಚ್ಚಾಗಿ ಶಾಸನಕವಿಗಳು ಹೊಗಳುವುದು ಗಂಗವಾಡಿಯಲ್ಲಿ ಪಾಳುಬಿದ್ದಿದ್ದ ಬಸದಿಗಳನ್ನು ಅವನು ಮತ್ತೆ ನಿಲ್ಲಿಸಿದ ಕಾರ್ಯವನ್ನು. ಗಂಗರ ಪ್ರಭುತ್ವ ಅಳಿದು, ಚೋಳರ ಆಳ್ವಿಕೆ ಬಂದು ಹೋಗುವ ನಡುವೆ ಅನೇಕ ಜಿನಾಲಯಗಳು ಆಶ್ರಯ ತಪ್ಪಿದ್ದವು. ಅವನ್ನೆಲ್ಲ ಎತ್ತಿ ನಿಲ್ಲಿಸಿ ಗಂಗವಾಡಿ ತೊಂಬತ್ತಾರು ಸಾಸಿರವನ್ನು ಮಹಾತೀರ್ಥವಾದ ಕೊಪಣಕ್ಕೆ ಸಮಾನವಾಗಿ ಬೆಳಗಿಸಿದನೆಂಬುದು ಅವನ ಕೀರ್ತಿಯ ಸಾರ. ಆ ಬಸದಿಗಳಲ್ಲಿ ಬಹುಪಾಲು ಅವನು ಕಟ್ಟಿಸಿದವಲ್ಲ. ಅವನ ವಂಶದವರು ಕಟ್ಟಿಸಿದವೂ ಅಲ್ಲ. ಬೇರೆಯವರ ಪುಣ್ಯಕಾರ್ಯವನ್ನು ತನ್ನ ಹೊಣೆಯೆಂದು ಎತ್ತಿಕೊಂಡದ್ದೇ ಅವನ ಹಿರಿಮೆ.

ಇದೇ ಪರಂಪರೆಯ ಇನ್ನೊಬ್ಬ ಮಹಾಪುರುಷ ಹುಳ್ಳ. ಅವನು ಒಂದನೆಯ ನರಸಿಂಹನ ಭಂಡಾರಿ, ಎಂದರೆ ರಾಜ್ಯದ ಕೋಶಾಧಿಕಾರಿ. 1159ರಲ್ಲಿ ಅವನು ಬೆಳಗೊಳದಲ್ಲಿ ಕಟ್ಟಿಸಿದ ಚತುರ್ವಿಂಶತಿ ತೀರ್ಥಂಕರರ ಬಸದಿ ಇಂದಿಗೂ ಭಂಡಾರಿ ಬಸದಿ ಎಂದೇ ಪ್ರಸಿದ್ಧವಾಗಿದೆ. ನರಸಿಂಹನು ಇದಕ್ಕೆ ಭವ್ಯಚೂಡಾಮಣಿ ಎಂಬ ಹೆಸರಿಟ್ಟು ಸವಣೇರು ಗ್ರಾಮವನ್ನು ದತ್ತಿಯಾಗಿ ನೀಡಿದನು. ಹುಳ್ಳನು ಕೋಶಾಧಿಕಾರಿಯಾದುದರಿಂದ ಆದಾಯವಿಲ್ಲದ ಕಟ್ಟಡದ ಗತಿ ಏನೆಂಬುದನ್ನು ಚೆನ್ನಾಗಿ ಅರಿತಿದ್ದನು. ಬಸದಿ ಕಟ್ಟಿಸಿದಾಗಲೇ ಅದರ ಮುಂದಿನ ಬದುಕಿಗೆ ಒಂದು ಗ್ರಾಮದ ಉತ್ಪನ್ನವನ್ನು ಬೆಸೆದದ್ದು ಈ ಅರಿವಿನ ಫಲ.

ಹುಳ್ಳನ ಶಾಸನವು ಅವನ ಇನ್ನೂ ಕೆಲವು ಕಾರ್ಯಗಳನ್ನು ಹೇಳುತ್ತದೆ. ಬಂಕಾಪುರದಲ್ಲಿ ಜೀರ್ಣವಾಗಿದ್ದ ಜಿನಾಲಯವನ್ನು ಅವನು ಉದ್ಧರಿಸಿದನು. ಕೊಪಣದ ಮುನಿಸಮುದಾಯಕ್ಕೆ ಶಾಶ್ವತವಾದ ವೃತ್ತಿಯನ್ನು ಏರ್ಪಡಿಸಿದನು. ಗಂಗರ ಕಾಲದಲ್ಲಿ ಸ್ಥಾಪಿತವಾಗಿ, ಕಾಲವಶದಿಂದ ಹೆಸರು ಮಾತ್ರ ಉಳಿದಿದ್ದ ಕೆಲ್ಲಂಗೆರೆಯ ತೀರ್ಥವನ್ನು ಮತ್ತೆ ಕಟ್ಟಿಸಿದನು. ಹೊಸದೊಂದನ್ನು ಕಟ್ಟಿಸಿದವನು ಹಳೆಯ ಮೂರನ್ನು ಮರೆಯಲಿಲ್ಲ. ಈ ಪ್ರಮಾಣವನ್ನು ಇಂದಿನ ದಾನಿಗಳು ಮನಸ್ಸಿನಲ್ಲಿ ಇರಿಸಿಕೊಳ್ಳುವುದು ಒಳ್ಳೆಯದು.

1368ರ ಒಡಂಬಡಿಕೆ

ವಿಜಯನಗರದ ಬುಕ್ಕರಾಯನ 1368ರ ಶಾಸನವು ಭಂಡಾರಿ ಬಸದಿಯ ಆವರಣದಲ್ಲಿಯೇ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯವನ್ನು ಅರಸನು ಬಗೆಹರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದ ಸಂಗತಿ ಎಲ್ಲರಿಗೂ ತಿಳಿದದ್ದು. ಮತಸಾಮರಸ್ಯದ ದಾಖಲೆಯಾಗಿ ಇದನ್ನು ಸಭೆಗಳಲ್ಲಿ ಉಲ್ಲೇಖಿಸುವುದುಂಟು. ಆದರೆ ಆ ಶಾಸನದ ಉತ್ತರಭಾಗವನ್ನು ಓದುವವರು ಕಡಿಮೆ. ಸಾಮರಸ್ಯವು ಮಾತಿನಲ್ಲಿ ಮುಗಿಯಬಾರದೆಂದು ಅಲ್ಲಿ ಒಂದು ಆಡಳಿತದ ಏರ್ಪಾಡನ್ನೇ ಮಾಡಲಾಗಿದೆ.

ಆ ಏರ್ಪಾಡು ಹೀಗಿದೆ. ರಾಜ್ಯದ ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಅದನ್ನು ಎತ್ತುವವನು ತಿರುಮಲೆಯ ತಾತಯ್ಯ. ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗಾಗಿ ಇಪ್ಪತ್ತು ಮಂದಿ ಆಳುಗಳನ್ನು ಇರಿಸಬೇಕು. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸೊದೆಯನ್ನು, ಎಂದರೆ ಸುಣ್ಣವನ್ನು, ಬಳಿಸಬೇಕು. ಚಂದ್ರಸೂರ್ಯರು ಇರುವವರೆಗೆ ವರ್ಷವರ್ಷವೂ ಇದು ತಪ್ಪದೆ ನಡೆಯಬೇಕು. ತಪ್ಪಿಸಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ.

ಕಟ್ಟಡ ನಿರ್ವಹಣೆಯ ಎಲ್ಲ ಅಂಗಗಳೂ ಈ ಕೆಲವೇ ಸಾಲುಗಳಲ್ಲಿ ಅಡಕವಾಗಿವೆ. ಆದಾಯದ ಮೂಲ ನಿಶ್ಚಿತ. ಅದು ಒಬ್ಬ ಶ್ರೀಮಂತನ ಉದಾರತೆಯನ್ನು ನಂಬಿಲ್ಲ, ಪ್ರತಿ ಮನೆಯ ಸಣ್ಣ ಪಾಲನ್ನು ನಂಬಿದೆ. ಹೊಣೆ ಹೊತ್ತವನ ಹೆಸರು ಉಂಟು. ಎಲ್ಲರ ಹೊಣೆಯೆಂದು ಹೇಳಿ ಯಾರ ಹೊಣೆಯೂ ಆಗದಂತೆ ಬಿಟ್ಟಿಲ್ಲ. ಕಾವಲಿನ ಆಳುಗಳ ಸಂಖ್ಯೆ ಗೊತ್ತಾಗಿದೆ. ದುರಸ್ತಿಯ ಕಾರ್ಯವೂ ಅವಧಿಯೂ ಗೊತ್ತಾಗಿವೆ. ತಪ್ಪಿದರೆ ದಂಡನೆಯೂ ಉಂಟು. ಇವುಗಳಲ್ಲಿ ಒಂದನ್ನು ತೆಗೆದರೂ ಉಳಿದವು ನಿಲ್ಲಲಾರವು. ಇಷ್ಟೇ ಅಲ್ಲ. ಜಿನಾಲಯದ ಪಾಲನೆಯ ಹಣವನ್ನು ಎತ್ತಿ ವ್ಯಯಿಸುವ ಅಧಿಕಾರವನ್ನು ಪಡೆದವನು ವೈಷ್ಣವ. ಅಂದಿನ ಶ್ರಾವಕರು ನಿರ್ವಾಹಕನಲ್ಲಿ ಮೊದಲು ನೋಡಿದ್ದು ಅವನ ಪ್ರಾಮಾಣಿಕತೆಯನ್ನೂ ಪ್ರಭಾವವನ್ನೂ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಶಾಸನದ ಕೊನೆಯಲ್ಲಿ ಸೇರಿಸಿದ ಭಾಗದಲ್ಲಿ ಕಲ್ಲೇಹದ ಬುಸುವಿಸೆಟ್ಟಿ ಎಂಬ ವರ್ತಕನ ಹೆಸರು ಬರುತ್ತದೆ. ಅವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಕೊಂಡು, ಈ ಕಟ್ಟಳೆಯನ್ನು ಜೀರ್ಣೋದ್ಧಾರ ಮಾಡಿಸಿದನು. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರು. ಕಟ್ಟಡದಂತೆ ಕಟ್ಟಳೆಯೂ ಸಡಿಲವಾಗುತ್ತದೆ, ಅದಕ್ಕೂ ಉದ್ಧಾರ ಬೇಕಾಗುತ್ತದೆ ಎಂಬುದನ್ನು ಒಬ್ಬ ಸೆಟ್ಟಿ ಕಂಡುಕೊಂಡನು. ಅವನು ಹೊಸ ಬಸದಿ ಕಟ್ಟಿಸಿದನೆಂದು ಇಲ್ಲಿ ಹೇಳಿಲ್ಲ. ನಡೆಯಬೇಕಾದದ್ದು ನಡೆಯುವಂತೆ ನೋಡಿಕೊಂಡದ್ದಕ್ಕೆ ಆ ಪಟ್ಟ ಬಂದಿತು.

1634ರ ಅಡವಿನ ಪ್ರಕರಣ

ಶಾಸನಗಳು ಕೀರ್ತಿಯನ್ನು ಮಾತ್ರ ಹೇಳುವುದಿಲ್ಲ. ಒಮ್ಮೊಮ್ಮೆ ಎಡವಿದ್ದನ್ನೂ ದಾಖಲಿಸುತ್ತವೆ. ಬೆಳಗೊಳದ 1634ರ ಶಾಸನವು ಅಂತಹುದು. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, ಗೊಮ್ಮಟಸ್ವಾಮಿಯ ಪೂಜೆ ಮೊದಲಾದವುಗಳಿಗೆ ದತ್ತಿಯಾಗಿ ಬಂದಿದ್ದ ಭೂಮಿಗಳನ್ನು ಸ್ಥಾನಿಕರು ವರ್ತಕರಿಗೂ ಇತರ ಗೃಹಸ್ಥರಿಗೂ ಅಡವು ಇಟ್ಟಿದ್ದರು. ಅಡವು ಹಿಡಿದವರು ಬಹುಕಾಲದಿಂದ ಆ ಭೂಮಿಯ ಫಲವನ್ನು ಅನುಭವಿಸುತ್ತಿದ್ದರು.

ಸ್ಥಾನಿಕರೆಂದರೆ ಕ್ಷೇತ್ರದ ಆಡಳಿತವನ್ನು ನೋಡಿಕೊಳ್ಳುತ್ತಿದ್ದವರು, ಇಂದಿನ ಮಾತಿನಲ್ಲಿ ನಿರ್ವಾಹಕರು. ಅವರು ದುರಾಶೆಯಿಂದ ಹೀಗೆ ಮಾಡಿದರೆಂದು ಶಾಸನ ಹೇಳುವುದಿಲ್ಲ. ತೊಂದರೆಗೆ ಸಿಕ್ಕಿ ಮಾಡಿದರೆಂದೇ ಅದರ ಧ್ವನಿ. ಆದರೆ ಸಂಕಷ್ಟದಲ್ಲಿ ಮಾಡಿದ ತಪ್ಪೂ ತಪ್ಪೇ. ಈ ವರ್ಷದ ಕೊರತೆಯನ್ನು ತುಂಬಲು ಮೂಲವನ್ನು ಒತ್ತೆಯಿಟ್ಟರೆ ಮುಂದಿನ ವರ್ಷದ ಕೊರತೆ ಇನ್ನೂ ಹೆಚ್ಚುತ್ತದೆ. ಅದಕ್ಕಾಗಿ ಇನ್ನೊಂದು ಗದ್ದೆಯನ್ನು ಒತ್ತೆಯಿಡಬೇಕಾಗುತ್ತದೆ. ಕೊನೆಗೆ ದೀಪಕ್ಕೆ ಎಣ್ಣೆಯಿಲ್ಲ, ಬಿರುಕಿಗೆ ಗಾರೆಯಿಲ್ಲ ಎಂಬ ಸ್ಥಿತಿ ಬರುತ್ತದೆ. ತಪ್ಪಿನ ಪಾಲು ಸ್ಥಾನಿಕರದು ಮಾತ್ರವಲ್ಲ. ದೇವರ ಸ್ವತ್ತೆಂದು ತಿಳಿದೂ ಅಡವು ಹಿಡಿದ ವರ್ತಕರ ಪಾಲೂ ಅಷ್ಟೇ ಇದೆ. ಜಿನಪೂಜೆಗೆ ಸಂದ ದ್ರವ್ಯವನ್ನು ಸ್ವಂತಕ್ಕೆ ಬಳಸುವುದು ನಿರ್ಮಾಲ್ಯಭಕ್ಷಣದ ದೋಷವೆಂದು ಶ್ರಾವಕಾಚಾರವು ಎಚ್ಚರಿಸುತ್ತದೆ.

ಚಾಮರಾಜ ಒಡೆಯರು ಈ ವಿಷಯವನ್ನು ವಿಚಾರಿಸಿ, ಅಡವು ಹಿಡಿದವರನ್ನು ಕರೆಸಿ, ಅವರ ಸಾಲವನ್ನು ತಾವು ತೀರಿಸುವುದಾಗಿ ಹೇಳಿದರು. ಆ ಮಾತಿನಿಂದ ವರ್ತಕರ ಮನಸ್ಸು ತಿರುಗಿತು. ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅವರು ಸಾಲವನ್ನು ಬಿಟ್ಟುಕೊಟ್ಟು, ದೇವರ ಮತ್ತು ಗುರುಗಳ ಸನ್ನಿಧಿಯಲ್ಲಿ ಧಾರೆಯೆರೆದು ಅಡವಿನ ಪತ್ರಗಳನ್ನು ಹಿಂದಿರುಗಿಸಿದರು. ಇನ್ನು ಮುಂದೆ ಈ ದತ್ತಿಯನ್ನು ಅಡವು ಇಡುವವರೂ ಅಡವು ಹಿಡಿಯುವವರೂ ಧರ್ಮಕ್ಕೆ ಹೊರಗು, ಅಂತಹವರಿಗೆ ಭೂಮಿಯ ಮೇಲೆ ಯಾವ ಹಕ್ಕೂ ಇಲ್ಲ ಎಂದು ಕಟ್ಟಳೆಯಾಯಿತು.

ಈ ಪ್ರಕರಣದಲ್ಲಿ ಯಾರನ್ನೂ ಶಿಕ್ಷಿಸಲಿಲ್ಲ. ಆದರೆ ಯಾವುದನ್ನೂ ಮುಚ್ಚಿಡಲೂ ಇಲ್ಲ. ತಪ್ಪನ್ನು ಎಲ್ಲರೂ ಓದುವಂತೆ ಕಲ್ಲಿನ ಮೇಲೆ ಬರೆದು ನಿಲ್ಲಿಸಿದರು. ವಾರ್ಷಿಕ ಲೆಕ್ಕವನ್ನು ಸಭೆಯ ಮುಂದೆ ಓದಲು ಸಂಕೋಚಪಡುವ ಆಡಳಿತ ಮಂಡಳಿಗಳು ಈ ಕಲ್ಲಿನ ಮುಂದೆ ಒಂದು ಗಳಿಗೆ ನಿಂತು ಬರಬೇಕು.

ನಿರ್ವಾಹಕನ ವರ್ಷಚಕ್ರ

ಇಷ್ಟು ಹಣದಿಂದಲೂ ಕಟ್ಟಳೆಯಿಂದಲೂ ನಡೆಯಬೇಕಾದ ಕೆಲಸವಾದರೂ ಏನು? ಅದರ ಬಹುಭಾಗ ನೀರಿಗೆ ಸಂಬಂಧಿಸಿದ್ದು. ಕಲ್ಲಿನ ಕಟ್ಟಡಕ್ಕೆ ಶತ್ರುಗಳು ಅನೇಕ. ಅವುಗಳಲ್ಲಿ ನೀರೇ ಮೊದಲನೆಯದು. ತುಳುನಾಡಿನ ಶಿಲ್ಪಿಗಳು ಇದನ್ನು ಚೆನ್ನಾಗಿ ಬಲ್ಲವರು. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಛಾವಣಿ ಬಯಲುಸೀಮೆಯ ಬಸದಿಗಳಂತೆ ಸಮತಟ್ಟಾಗಿಲ್ಲ. ಕಲ್ಲಿನ ಚಪ್ಪಡಿಗಳನ್ನು ಇಳಿಜಾರಾಗಿ ಹೊದಿಸಿ, ಸುರಿದ ಮಳೆ ಗೋಡೆಯನ್ನು ಮುಟ್ಟದೆ ದೂರ ಬೀಳುವಂತೆ ಮಾಡಿದ್ದಾರೆ. ಕಟ್ಟುವಾಗಲೇ ಕಾಯುವವನ ಕಷ್ಟವನ್ನು ನೆನೆದ ವಾಸ್ತು ಇದು.

ಆದುದರಿಂದ ನಿರ್ವಾಹಕನ ವರ್ಷ ಮಳೆಗಾಲಕ್ಕೆ ಮುಂಚೆ ಆರಂಭವಾಗುತ್ತದೆ. ವೈಶಾಖದಲ್ಲಿ ಛಾವಣಿಯನ್ನು ಹತ್ತಿ ನೋಡಬೇಕು. ಜಲಹರಿಗಳಲ್ಲಿ ಕಟ್ಟಿಕೊಂಡ ಎಲೆ, ಮಣ್ಣು, ಹಕ್ಕಿಗೂಡಿನ ಕಸವನ್ನು ತೆಗೆಯಬೇಕು. ಮರಿಗಳಿರುವ ಗೂಡಾದರೆ ಅವು ಹಾರುವವರೆಗೆ ಕಾಯಬೇಕು. ಚಪ್ಪಡಿಗಳ ಸಂದಿಗಳಲ್ಲಿ ಗಾರೆ ಬಿಟ್ಟಿದ್ದರೆ ತುಂಬಬೇಕು. ಮಳೆ ಬಂದ ಮೊದಲ ದಿನ ಒಳಗೆ ನಿಂತು ಎಲ್ಲಿ ಜಿನುಗುತ್ತದೆಂದು ಗುರುತು ಹಾಕಿಕೊಳ್ಳಬೇಕು. ಮಳೆ ನಿಂತ ಮೇಲೆ ಗೋಡೆಯ ಬಿರುಕಿನಲ್ಲಿ ತಲೆಯೆತ್ತಿದ ಅರಳಿಯ ಮೊಳಕೆಯನ್ನು ಹುಡುಕಬೇಕು. ಅಂಗಳದ ನೀರು ತಳಪಾಯದ ಬಳಿ ನಿಲ್ಲದೆ ಹೊರಗೆ ಹರಿಯುತ್ತದೆಯೇ ಎಂದು ನೋಡಬೇಕು.

ದುರಸ್ತಿಗೆ ಬಳಸುವ ವಸ್ತುವಿನಲ್ಲಿಯೂ ವಿವೇಕ ಬೇಕು. ಪೂರ್ವಿಕರು ಸುಣ್ಣವನ್ನೇ ಬಳಸಿದ್ದು ಸಿಮೆಂಟು ಇರಲಿಲ್ಲವೆಂಬ ಕಾರಣಕ್ಕೆ ಇರಬಹುದು. ಆದರೆ ಸುಣ್ಣದ ಗಾರೆಯು ಗೋಡೆಯೊಳಗಿನ ತೇವವನ್ನು ಹೊರಬಿಡುತ್ತದೆ, ಸ್ವಲ್ಪ ಅಲುಗಾಟವನ್ನೂ ಸಹಿಸುತ್ತದೆ. ಗಟ್ಟಿಯಾದ ಸಿಮೆಂಟಿನ ಲೇಪವು ತೇವವನ್ನು ಒಳಗೆ ಬಂಧಿಸುತ್ತದೆ. ಆ ತೇವವು ಲವಣವನ್ನು ಹೊತ್ತು ಮೃದುವಾದ ಹಳೆಯ ಕಲ್ಲಿನ ಮೂಲಕ ಹೊರಬಂದು ಆರುವಾಗ ಕಲ್ಲಿನ ಮೈಯನ್ನೇ ಪದರ ಪದರವಾಗಿ ಕಳಚುತ್ತದೆ. ಶಾಸನದ ಕಲ್ಲಿಗೆ ಎನಾಮಲ್ ಬಣ್ಣ ಬಳಿಯುವುದು, ಹಳೆಯ ನೆಲದ ಮೇಲೆ ನುಣುಪಾದ ಟೈಲ್ಸ್ ಹಾಸುವುದು, ಕೆತ್ತನೆಯನ್ನು ಮರಳಿನ ರಭಸದಿಂದ ಉಜ್ಜಿಸುವುದು ಇವೆಲ್ಲ ಭಕ್ತಿಯಿಂದಲೇ ನಡೆಯುತ್ತವೆ. ಆದರೆ ಭಕ್ತಿಯಿಂದ ಅಳಿಸಿದ ಅಕ್ಷರವೂ ಮರಳಿ ಬರುವುದಿಲ್ಲ.

ಇವುಗಳ ಜೊತೆಗೆ ಈ ಕಾಲದ ಹೊಣೆಗಳೂ ಸೇರಿವೆ. ಮರದ ಜಂತೆಯ ಮೇಲೆ ಎಳೆದ ಹಳೆಯ ವಿದ್ಯುತ್ ತಂತಿ, ತಾಳೆಯೋಲೆಯ ಕಪಾಟಿನ ಬಳಿ ಉರಿಯುವ ದೀಪ, ಮೂರ್ತಿಗಳ ಪಟ್ಟಿ ಮತ್ತು ಛಾಯಾಚಿತ್ರ, ಬೀಗದ ಕೈ ಯಾರ ಬಳಿ ಇದೆಯೆಂಬ ದಾಖಲೆ, ಉತ್ಸವದ ದಿನ ಜನಸಂದಣಿ ಹೊರಹೋಗಲು ದಾರಿ ಇವೆಲ್ಲವನ್ನೂ ಒಬ್ಬನು ನೋಡಬೇಕು. ಕಾನೂನಿನ ತಿಳಿವಳಿಕೆಯೂ ಅವನಿಗೆ ಅವಶ್ಯಕ. 1958ರ ಕೇಂದ್ರ ಅಧಿನಿಯಮಕ್ಕೆ ಒಳಪಟ್ಟ ಸ್ಮಾರಕವಾದರೆ ಪುರಾತತ್ತ್ವ ಇಲಾಖೆಯ ಅನುಮತಿಯಿಲ್ಲದೆ ಅದರಲ್ಲಿ ಬದಲಾವಣೆ ಮಾಡುವಂತಿಲ್ಲ. 2010ರ ತಿದ್ದುಪಡಿಯಂತೆ ಅದರ ಸುತ್ತಲಿನ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕ ಅಧಿನಿಯಮ ಅನ್ವಯಿಸುತ್ತದೆ.

ಅಪ್ರಮಾದವೇ ಅಹಿಂಸೆ

ಇಲ್ಲಿ ಶ್ರಾವಕನಿಗೆ ಒಂದು ಧರ್ಮಸಂಕಟ ಎದುರಾಗುತ್ತದೆ. ಗುಡಿಸುವುದು, ತೊಳೆಯುವುದು, ಗಿಡ ಕೀಳುವುದು, ಸುಣ್ಣ ಬಳಿಯುವುದು ಎಲ್ಲವೂ ಆರಂಭಗಳೇ. ಅವುಗಳಲ್ಲಿ ಸೂಕ್ಷ್ಮಜೀವಿಗಳ ಘಾತ ತಪ್ಪುವುದಿಲ್ಲ. ಹಾಗಾದರೆ ಸುಮ್ಮನಿರುವುದೇ ಮೇಲಲ್ಲವೇ ಎಂದು ಕೇಳುವವರುಂಟು.

ಇದಕ್ಕೆ ಉತ್ತರವನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹುಡುಕಬೇಕು. ಆಚಾರ್ಯ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನಷ್ಟೇ ಹೇಳಿ ಬಿಡಲಿಲ್ಲ. ಅದರ ಮೂಲವನ್ನು ಪ್ರಮಾದದಲ್ಲಿ ಕಂಡರು. ಎಚ್ಚರಗೇಡಿತನದಿಂದ ಆಗುವ ಪ್ರಾಣಘಾತವೇ ಹಿಂಸೆ. ಈ ಲಕ್ಷಣವನ್ನು ಬಸದಿಯ ಗೋಡೆಗೆ ಅನ್ವಯಿಸಿ ನೋಡಬಹುದು. ಎರಡೆಲೆಯ ಅರಳಿ ಮೊಳಕೆಯನ್ನು ಮೊದಲ ವರ್ಷವೇ ಬೇರುಸಹಿತ ಮೆಲ್ಲನೆ ತೆಗೆದು ಬಯಲಿನಲ್ಲಿ ನೆಟ್ಟರೆ ಅದೂ ಬದುಕೀತು, ಗೋಡೆಯೂ ಉಳಿದೀತು. ಇಪ್ಪತ್ತು ವರ್ಷ ಕಣ್ಣುಮುಚ್ಚಿ ಕುಳಿತರೆ ಅದು ಮರವಾಗುತ್ತದೆ. ಆಗ ಮರವನ್ನು ಕಡಿಯಬೇಕು, ಅದರಲ್ಲಿ ಮನೆ ಮಾಡಿದ ಹಕ್ಕಿ ಇರುವೆಗಳ ನೆಲೆ ಕೆಡಿಸಬೇಕು, ಗೋಡೆಯನ್ನು ಕೆಡಹಿ ಕಟ್ಟಬೇಕು. ಒಂದು ಬಿಂದಿಗೆ ಗಾರೆಯಿಂದ ಮುಗಿಯುವ ಬಿರುಕನ್ನು ಬಿಟ್ಟರೆ ನಾಳೆ ಛಾವಣಿ ಕುಸಿದು ಮನುಷ್ಯನ ಪ್ರಾಣಕ್ಕೇ ಸಂಚಕಾರ. ಸುಮ್ಮನಿದ್ದವನ ಲೆಕ್ಕದಲ್ಲಿ ಹಿಂಸೆ ಕಡಿಮೆಯಾಗಲಿಲ್ಲ. ಅದು ಬಡ್ಡಿಯೊಡನೆ ಬೆಳೆಯಿತು.

ಹಾಗಾದುದರಿಂದ ನಿರ್ವಾಹಕನ ಕೆಲಸ ಸಮಿತಿಗಳ ಆಚರಣೆಗೆ ಹತ್ತಿರವಾದದ್ದು. ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು ಆದಾನನಿಕ್ಷೇಪಣ ಸಮಿತಿ. ಮೃದುವಾದ ಪೊರಕೆಯಿಂದ ಗುಡಿಸುವುದು, ಅಭಿಷೇಕದ ನೀರನ್ನು ಬಟ್ಟೆಯಲ್ಲಿ ಸೋಸಿ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿಸುವುದು, ಹಾಲು ಸಕ್ಕರೆಯ ಅಂಶ ನೆಲದಲ್ಲಿ ಉಳಿದು ಇರುವೆ ಮುತ್ತುವ ಮುನ್ನವೇ ತೊಳೆಯುವುದು, ದೀಪಕ್ಕೆ ಗಾಜಿನ ಮರೆ ಇಡುವುದು ಇವೆಲ್ಲ ಮನೆಯ ಹಿರಿಯರು ಹೇಳಿಕೊಟ್ಟ ಆಚಾರಗಳೇ. ಅವನ್ನು ಕ್ರಮವಾಗಿ, ಪ್ರತಿದಿನ, ಯಾರೂ ನೋಡದಿದ್ದಾಗಲೂ ಮಾಡುವವನಿಗೆ ಕಟ್ಟಡವೇ ವ್ರತವಾಗುತ್ತದೆ.

ಇಂದಿನ ಕರ್ತವ್ಯ

ಈಗಿನ ಕಾಲದಲ್ಲಿಯೂ ಒಳ್ಳೆಯ ಉದಾಹರಣೆಗಳಿಗೆ ಕೊರತೆಯಿಲ್ಲ. ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ 1991ರಲ್ಲಿ ಸ್ಥಾಪಿತವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟು ಸರಕಾರದ ಮತ್ತು ಊರಿನವರ ಪಾಲನ್ನೂ ಕೂಡಿಸಿಕೊಂಡು ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಾಚೀನ ದೇವಾಲಯಗಳನ್ನು ಉದ್ಧರಿಸಿದೆ. ಊರಿನವರೂ ಪಾಲು ಕೊಡಬೇಕೆಂಬ ನಿಯಮದಲ್ಲಿ ಮನೆಗೊಂದು ಹಣದ ಹಳೆಯ ವಿವೇಕವೇ ಕಾಣುತ್ತದೆ. ತನ್ನದೆಂದು ಒಂದು ರೂಪಾಯಿ ಕೊಟ್ಟವನು ಆಮೇಲೆ ಬಂದು ನೋಡುತ್ತಾನೆ.

ಆದರೆ ಸಾಮಾನ್ಯವಾಗಿ ಸಮಾಜದ ಒಲವು ಬೇರೆಡೆಗಿದೆ. ಹೊಸ ಮಂದಿರದ ಶಂಕುಸ್ಥಾಪನೆಗೆ ದಾನಿಗಳು ಮುಂದೆ ಬರುತ್ತಾರೆ. ಅಮೃತಶಿಲೆಯ ಫಲಕದಲ್ಲಿ ಹೆಸರುಗಳು ತುಂಬುತ್ತವೆ. ಜಲಹರಿ ಶುಚಿ ಮಾಡಿಸಿದವನ ಹೆಸರನ್ನು ಯಾವ ಫಲಕದಲ್ಲಿಯೂ ಬರೆಯುವುದಿಲ್ಲ. ಪಕ್ಕದ ಹಳ್ಳಿಯಲ್ಲಿ ಒಂದೇ ಮನೆ ಉಳಿದ ಶ್ರಾವಕ ಕುಟುಂಬವು ಬಾಗಿಲು ತೆರೆದು ದೀಪ ಹಚ್ಚುವ ಪುರಾತನ ಬಸದಿಯ ಛಾವಣಿ ಸೋರುತ್ತಲೇ ಇರುತ್ತದೆ.

ಟ್ರಸ್ಟುಗಳು ಮಾಡಬಹುದಾದ ಕಾರ್ಯಗಳು ಕಠಿಣವಾದವೇನೂ ಅಲ್ಲ. ಪ್ರತಿ ಬಸದಿಗೂ ಹೆಸರಿಟ್ಟು ಒಬ್ಬ ನಿರ್ವಾಹಕನನ್ನು ಗೊತ್ತುಮಾಡಿ ಅವನಿಗೆ ತಕ್ಕ ಸಂಬಳವನ್ನೂ ಗೌರವವನ್ನೂ ಕೊಡುವುದು, ಹೊಸ ನಿರ್ಮಾಣಕ್ಕೆ ಸಂಗ್ರಹಿಸಿದ ಹಣದಲ್ಲಿ ಒಂದು ಪಾಲನ್ನು ಖಂಡಸ್ಫುಟಿತಕ್ಕೆಂದು ಮೂಲಧನವಾಗಿ ತೆಗೆದಿಡುವುದು, ಆ ಮೂಲಧನವನ್ನು ಯಾವ ಸಂಕಷ್ಟದಲ್ಲಿಯೂ ಮುಟ್ಟದಿರುವುದು, ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಕಟ್ಟಡವನ್ನು ಪರೀಕ್ಷಿಸಿ ಕಂಡದ್ದನ್ನು ಪುಸ್ತಕದಲ್ಲಿ ಬರೆಯಿಸುವುದು, ಆ ಪುಸ್ತಕವನ್ನು ವಾರ್ಷಿಕ ಸಭೆಯಲ್ಲಿ ಲೆಕ್ಕದ ಜೊತೆಗೆ ಓದುವುದು. ಹುಳ್ಳನೂ ಬುಸುವಿಸೆಟ್ಟಿಯೂ ಚಾಮರಾಜ ಒಡೆಯರೂ ತಮ್ಮ ತಮ್ಮ ಕಾಲದಲ್ಲಿ ಮಾಡಿದ್ದು ಇದನ್ನೇ.

1368ರ ಶಾಸನದಲ್ಲಿ ಅರಸನ ಹೆಸರಿದೆ, ತಾತಯ್ಯನ ಹೆಸರಿದೆ, ಸೆಟ್ಟಿಯ ಹೆಸರಿದೆ. ಕಾವಲು ಕಾಯ್ದ ಆ ಇಪ್ಪತ್ತು ಮಂದಿಯ ಹೆಸರುಗಳಿಲ್ಲ. ಏಣಿ ಹತ್ತಿ ಸೊದೆ ಬಳಿದವರ ಹೆಸರುಗಳೂ ಇಲ್ಲ. ಆದರೂ ಆ ಜಿನಾಲಯಗಳಲ್ಲಿ ಇಂದು ನಿಂತಿರುವವುಗಳಿಗೆ ಅವರ ದುಡಿಮೆಯೂ ಒಂದು ಕಾರಣ. ಮುಂದಿನ ಬಾರಿ ಬಸದಿಗೆ ಹೋದಾಗ, ದರ್ಶನವಾದ ಬಳಿಕ, ಅಂಗಳ ಗುಡಿಸುವವರನ್ನೂ ಬೀಗದ ಕೈ ಇಟ್ಟುಕೊಂಡವರನ್ನೂ ಮಾತನಾಡಿಸಿ, ಛಾವಣಿ ಎಲ್ಲಿ ಸೋರುತ್ತದೆಂದು ವಿಚಾರಿಸುವುದು ಶ್ರಾವಕನ ಧರ್ಮಕ್ಕೆ ಸಲ್ಲುವ ಕೆಲಸ.